ಎಲ್ಸಿಯ ಜೊತೆಗೆ ಯಾರು

ಸೌತ್ ಸಿ, ನೈರೋಬಿ
25 ಏಪ್ರಿಲ್ 2006

ಮುದ್ದು ಮೈತ್ರೀ,

ನನ್ನಿಂದ ನಿನಗೆ ಕಾಗದದ ಮೇಲೆ ಪತ್ರ! ನಗಬೇಡ ಕಣೇ. ಯಾಹೂನಲ್ಲಿ ನಾನು ಕಾಣಿಸಲಿಲ್ಲ ಅಂತ ನೀನು ಕೆಂಪು ಮುಖದ ಸ್ಮೈಲಿಗಳ ಮೆರವಣಿಗೆಯನ್ನೇ ಕಳಿಸಿದ್ದೀಯ, ನೋಡಿದೆ. ಚಾಟ್‌ನಲ್ಲೇ ಹೇಳೋಣ ಅಂತ ಕೂತಿದ್ದೆ. ಆದರೆ ಅಲ್ಲಿ ನಾನು ಒಂದು ಸಾಲು ಟೈಪ್ ಮಾಡುವಷ್ಟರಲ್ಲಿ ನೀನು ‘ಆಮೇಲೆ? ಆಮೇಲೆ?’ ಅಂತ ಪ್ರಾಣ ತಿನ್ನುತ್ತೀಯ, ಇಲ್ಲವೇ ನಮ್ಮ ಸೈಬರ್ ಕೆಫೆಯ ನೆಟ್ ಸತ್ತುಹೋಗುತ್ತದೆ. ಇದನ್ನು ನಡುವೆ ಬಾಯಿ ಹಾಕದೆ ಕೊನೆವರೆಗೂ ಓದಬೇಕು. ಪಕ್ಕದ ಮನೆಯ ಯೋಗೀಶ ಅಂಕಲ್ ಗುರುವಾರ ಮೈಸೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನಮ್ಮ ಕುವೆಂಪುನಗರದ ರೂಮಿನ ಬಗ್ಗೆ ಕೇಳಿದ್ದೀಯ. ಜುಲೈನಲ್ಲಿ ಇಬ್ಬರೂ ಎಂ.ಎಸ್.ಡಬ್ಲ್ಯು.ಗೆ ಸೇರಬೇಕು, ಕಿಟಕಿ ಪಕ್ಕದ ಮಂಚವನ್ನು ನನಗೇ ಹಿಡಿದಿಟ್ಟಿದ್ದೀಯ, ಎಲ್ಲ ನೆನಪಿದೆ. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಶನಿವಾರದ ಕಥೆ. ನಾನು ಇನ್ನೂ ಆ ಶನಿವಾರದಿಂದ ಹೊರಗೆ ಬಂದಿಲ್ಲ.

ಎಲ್ಸಿ ನಿನಗೆ ಗೊತ್ತು, ನಮ್ಮ ಗ್ಲೆನಿಟಾ ಅಕ್ಕನ ಮಗಳು. ಅಕ್ಕ ನರ್ಸ್ ಆಗಿದ್ದಳು. ಭಾವ ಇಲ್ಲೇ ವಿಲ್ಸನ್ ಏರ್‌ಪೋರ್ಟಿನಲ್ಲಿ ಚಿಕ್ಕ ವಿಮಾನಗಳ ಮೆಕ್ಯಾನಿಕ್, ಆಸ್ಟ್ರೇಲಿಯಾದ ಮೂಲನಿವಾಸಿಗಳ ಮನೆತನದವರು. ಹೋದ ವರ್ಷ ನೈವಾಶಾ ರಸ್ತೆಯ ಅಪಘಾತದಲ್ಲಿ ಇಬ್ಬರೂ ಒಂದೇ ಕಾರಿನಲ್ಲಿ ಹೋಗಿಬಿಟ್ಟರು. ಎಲ್ಸಿ ಆ ದಿನ ನಮ್ಮ ಮಮ್ಮಿಯ ಹತ್ತಿರ ಇದ್ದಳು, ಅವತ್ತಿನಿಂದ ನಮ್ಮಲ್ಲೇ ಇದ್ದಾಳೆ. ಈಗ ಅವಳಿಗೆ ಆರು ವರ್ಷ. ಭಾವನ ಹೆಸರೂ ನಿನಗೆ ಗೊತ್ತು. ಆದರೆ ಈ ಪತ್ರದಲ್ಲಿ ಅದನ್ನು ಬರೆಯುವುದಿಲ್ಲ. ಯಾಕೆ ಅಂತ ಮುಂದೆ ನಿನಗೇ ತಿಳಿಯುತ್ತದೆ.

ಅಪಘಾತವಾಗಿ ನಾಲ್ಕು ತಿಂಗಳಿಗೆ ಭಾವನನ್ನು ಸಾಕಿದ ದೊಡ್ಡಮ್ಮ ಅಷ್ಟು ದೂರದಿಂದ ಎಲ್ಸಿಯನ್ನು ನೋಡೋಕೆ ಬಂದರು. ಹೆಸರು ಡಾಟ್. ಎಲ್ಲರೂ ಅವರನ್ನು ‘ಆಂಟಿ ಡಾಟ್’ ಅನ್ನುತ್ತಾರೆ, ಅವರ ಊರಿನಲ್ಲಿ ಹಿರಿಯರಿಗೆ ಅದೇ ಗೌರವ. ಅವರು ಬರುತ್ತಾರೆ ಅಂತ ನಮ್ಮ ಡ್ಯಾಡಿ ಮಾಡಿದ ತಯಾರಿ ಕೇಳು. ಅಕ್ಕ ಭಾವನ ಮದುವೆಯ ಪಟವನ್ನು ನ್ಗಾರಾದ ಸ್ಟುಡಿಯೋದಲ್ಲಿ ಬಾಗಿಲಿನಷ್ಟು ದೊಡ್ಡದು ಮಾಡಿಸಿ, ಹಾಲಿನಲ್ಲಿ ಎದುರಿಗೇ ತೂಗುಹಾಕಿ, ಮಲ್ಲಿಗೆ ಹಾರ, ಕೆಂಪು ಕರೆಂಟಿನ ಮೇಣದಬತ್ತಿ. ಮಮ್ಮಿ ದಿನಾ ಸಂಜೆ ತೇರ್ಸ್ ಮಾಡುವಾಗ, ಅಂದರೆ ನಮ್ಮ ಜಪಸರದ ಪ್ರಾರ್ಥನೆ, ಅಕ್ಕನ ಹೆಸರು ಹೇಳಿ, ಭಾವನ ಹೆಸರನ್ನೂ ಜೋರಾಗಿ ಹೇಳುತ್ತಿದ್ದಳು. ಅಳಿಯ ಅಂತ ಅಲ್ಲ, ಮಗ ಅಂತ.

ಆಂಟಿ ಡಾಟ್ ಹೊಸಿಲಿನ ತನಕ ಬಂದರು. ಗೋಡೆ ನೋಡಿದರು. ಮುಖ ತಿರುಗಿಸಿ ಸೀದಾ ಗೇಟಿನ ಹತ್ತಿರ ಹೋಗಿ ನಿಂತುಬಿಟ್ಟರು. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಮಾರನೇ ದಿನ ಅವರು ಉಳಿದುಕೊಂಡಿದ್ದ ಗೆಸ್ಟ್ ಹೌಸಿನಲ್ಲಿ ಎಲ್ಸಿಯನ್ನು ಒಂದು ಗಂಟೆ ಮಡಿಲಲ್ಲಿ ಕೂರಿಸಿಕೊಂಡು, ಇವಳು ತಮ್ಮ ಊರಿನಲ್ಲಿ ಬೆಳೆಯಬೇಕು ಅಂತ ಹೇಳಿ ವಾಪಸ್ ಹೋದರು.

ಡ್ಯಾಡಿಗೆ ಬಂದ ಕೋಪ! ‘ಸಾಕಿದ ಮಗನ ಮುಖ ನೋಡೋಕಾಗಲ್ಲ ಆಕೆಗೆ, ಮೊಮ್ಮಗಳನ್ನ ಏನು ನೋಡ್ಕೊಳ್ತಾಳೆ?’ ಅಂದರು. ರೊಯ್ಸ್ಟನ್ ಅಣ್ಣನನ್ನಂತೂ ಕೇಳಬೇಕೇ, ಮಾರನೇ ದಿನವೇ ಅಂಗಡಿ ಮುಚ್ಚಿ ಲಾಯರ್ ಹತ್ತಿರ ಹೋದ. ಅವರೂ ಲಾಯರ್ ಹಿಡಿದರು. ಮಗು ತಾಯಿ ಕಡೆಗೋ ತಂದೆ ಕಡೆಗೋ ಅಂತ ಕೋರ್ಟಿಗೆ ಹೋಗುವ ಮಟ್ಟಕ್ಕೆ ಬಂತು. ಮಮ್ಮಿ ಎಲ್ಸಿಯ ಜಡೆ ಹಾಕುವಾಗ ಬೇಕು ಅಂತಲೇ ನಿಧಾನ ಮಾಡೋಕೆ ಶುರು ಮಾಡಿದಳು. ಇನ್ನು ಎಷ್ಟು ಜಡೆ ಹಾಕೋಕೆ ಸಿಗುತ್ತೋ ಅಂತ.

ಈಗ ನನ್ನ ಹೀರೋಯಿನ್ ಎಂಟ್ರಿ. ವಿಶಾಲಾಕ್ಷಿ ಮೇಡಂ. ಹೋದ ರಾಜ್ಯೋತ್ಸವದಲ್ಲಿ ಇಲ್ಲಿನ ಕನ್ನಡದವರ ಮುಂದೆ ಮಾತಾಡಿದರು ಅಂತ ಎರಡು ಗಂಟೆ ಚಾಟ್‌ನಲ್ಲಿ ನಿನ್ನ ತಲೆ ತಿಂದಿದ್ದೆನಲ್ಲ, ಅವರೇ. ತುಮಕೂರಿನವರು. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳೇ ನಡೆಸುವ ಒಂದು ಸಂಸ್ಥೆಯಲ್ಲಿ ವರ್ಷಗಟ್ಟಲೆ ಅಲ್ಲಿನ ಅಜ್ಜಿಯರ ಕೈಕೆಳಗೆ ಕೆಲಸ ಕಲಿತು, ಈಗ ಇಲ್ಲಿ ಮಕ್ಕಳ ಸಂಸ್ಥೆಯಲ್ಲಿದ್ದಾರೆ. ಒಂದು ಮಗು ಎಲ್ಲಿ ಬೆಳೆಯಬೇಕು ಅಂತ ಸರ್ಕಾರ ತೀರ್ಮಾನ ಮಾಡುವ ಮೊದಲು, ಆ ಮಗುವಿನ ಬಂಧುಬಳಗವನ್ನೆಲ್ಲ ಒಂದೆಡೆ ಕೂರಿಸಿ, ಅವರೇ ಅವರ ರೀತಿಯಲ್ಲಿ ತೀರ್ಮಾನ ಮಾಡುವ ಹಾಗೆ ದಾರಿ ಮಾಡಿಕೊಡುವುದು ಅವರ ಕೆಲಸ. ನಾನು ಐದು ಸಲ ಬರೆದು ಅಳಿಸಿ, ಆರನೇ ಸಲ ಅವರಿಗೆ ಈಮೇಲ್ ಕಳಿಸಿದೆ. ಉತ್ತರ ಬಂದಾಗ ಕುರ್ಚಿಯಿಂದ ಬೀಳುವುದೊಂದು ಬಾಕಿ.

ತಾನೊಬ್ಬಳೇ ಇದನ್ನು ಮಾಡೋಕಾಗಲ್ಲ ಅಂದರು. ಆಂಟಿ ಡಾಟ್ ಕಡೆಯವರ ಜೊತೆ ಮಾತಾಡೋಕೆ ಅವರದೇ ಜನರೊಬ್ಬರು ಬೇಕು ಅಂತ ತಮ್ಮ ಹಳೆಯ ಸಂಸ್ಥೆಯ ಮಾರ್ಲೀನ್ ಅನ್ನುವವರನ್ನು ಜೊತೆ ಮಾಡಿಕೊಂಡರು. ಆಮೇಲೆ ಎರಡು ತಿಂಗಳು ಬರೀ ಓಡಾಟ. ನನಗೆ ಮೀಟಿಂಗ್ ಅಂದರೆ ಮೀಟಿಂಗ್ ದಿನ ಅಂತಿತ್ತು. ಇವರದು ಅದಕ್ಕೆ ಮುಂಚೆಯೇ ಮುಕ್ಕಾಲು ಮುಗಿದಿರುತ್ತದೆ ಮೈತ್ರಿ!

ಮೊದಲ ಸಲ ಮನೆಗೆ ಬಂದಾಗ ಆ ಪಟದ ಎದುರೇ ಕೂತರು. ನಾನು ಕಾಯುತ್ತಿದ್ದೆ, ಈಗ ಏನೋ ಹೇಳುತ್ತಾರೆ ಅಂತ. ಟೀ ಕುಡಿದು ಮುಗಿಸಿ ಮಮ್ಮಿಗೆ ಕೇಳಿದ್ದು ಒಂದೇ: ‘ಫ್ರೀಡಾ ಅವರೇ, ಈ ದೀಪ ಒಂದಿನ ಆರಿಹೋದ್ರೆ ನಿಮಗೆ ಹೇಗಾಗುತ್ತೆ?’ ಮಮ್ಮಿ ಅಂದಳು, ‘ಕರೆಂಟ್ ಹೋದ ರಾತ್ರಿ ನಾನು ಮಲಗಲ್ಲ ಮೇಡಂ. ಮಕ್ಕಳಿಬ್ಬರೂ ಕತ್ತಲಲ್ಲಿದ್ದಾರೆ ಅನಿಸುತ್ತೆ.’ ಆಗ ಮೇಡಂ, ‘ಈ ಮಾತನ್ನ ನಾನು ಡಾಟ್ ಅವರಿಗೆ ತಲುಪಿಸಬಹುದಾ? ನೀವು ಬೇಡ ಅಂದ್ರೆ ಇಲ್ಲೇ ಬಿಟ್ಟು ಹೋಗ್ತೀನಿ’ ಅಂದರು.

ಅದೇ ಅವರ ಪದ್ಧತಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅಪ್ಪಣೆ ಇಲ್ಲದೆ ಒಯ್ಯುವುದಿಲ್ಲ. ನಮ್ಮಲ್ಲಿ ಒಬ್ಬರ ಮಾತು ಅಪ್ಪಣೆ ಕೇಳದೆ ಮೂರು ಮನೆ ದಾಟಿರುತ್ತದೆ.

ಹದಿನೈದು ದಿನ ಬಿಟ್ಟು ಅಲ್ಲಿಂದ ಉತ್ತರ ತಂದರು, ಅದೂ ಆಂಟಿ ಡಾಟ್ ಅಪ್ಪಣೆ ಕೊಟ್ಟ ಮೇಲೆ. ಅವರ ಮನೆಯಲ್ಲಿ ತೀರಿಕೊಂಡವರ ಹೆಸರನ್ನು ದುಃಖದ ಕಾಲ ಮುಗಿಯುವ ತನಕ ಯಾರೂ ಬಾಯಲ್ಲಿ ತರುವುದಿಲ್ಲ. ಮುಖದ ಪಟವನ್ನು ಮುಚ್ಚಿಡುತ್ತಾರೆ. ಹೆಸರು ಹಿಡಿದು ಕರೆದರೆ ಹೋಗಬೇಕಾದವರು ತಿರುಗಿ ನೋಡುತ್ತಾರೆ, ಮನೆ ಸೇರುವುದಿಲ್ಲ ಅಂತ. ಅವತ್ತು ಬಾಗಿಲಲ್ಲಿ ಆಕೆಗೆ ಎದುರಾದದ್ದು ಬಾಗಿಲಿನಷ್ಟು ದೊಡ್ಡ ಆ ಮುಖ!

ಮಮ್ಮಿ ಕೈಯಲ್ಲಿದ್ದ ತಟ್ಟೆ ಹಾಗೇ ಕೆಳಗಿಟ್ಟಳು. ‘ಒಂದು ವರ್ಷ ದಿನಾ ಸಂಜೆ ಕರೆದಿದ್ದೀನಲ್ಲ ಪ್ರೀಮಾ. ನಾನೇ ಅವನನ್ನ ಹೋಗೋಕೆ ಬಿಟ್ಟಿಲ್ವಾ?’ ಅಂತ ಅತ್ತಳು ನೋಡು, ಅಕ್ಕ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಡ್ಯಾಡಿ ಪಟದ ಕಡೆ ನೋಡುತ್ತಾ, ‘ಹಾಗಾದ್ರೆ ಆಕೆ ಅವಮಾನ ಮಾಡಿದ್ದಲ್ಲ’ ಅಂತ ಒಂದೇ ಮಾತು. ಮೇಡಂ ಇಬ್ಬರಿಗೂ ಸಮಾಧಾನ ಹೇಳಲಿಲ್ಲ, ಪಟ ತೆಗೀರಿ ಅಂತಲೂ ಹೇಳಲಿಲ್ಲ. ತಮ್ಮ ಕಪ್ ತೊಳೆದಿಟ್ಟು ಹೊರಟರು. ಗೇಟಿನ ಹತ್ತಿರ ನಾನು ‘ನೀವ್ಯಾಕೆ ಏನೂ ಹೇಳಲಿಲ್ಲ?’ ಅಂದೆ. ‘ಅದು ನನ್ನ ಮನೆ ಗೋಡೆ ಅಲ್ವಲ್ಲ’ ಅಂದರು. ನನ್ನ ಯಾಹೂ ಸ್ಟೇಟಸ್‌ನಲ್ಲಿ ಒಂದು ವಾರ ಇದ್ದದ್ದು ಆ ಸಾಲು. ನೀನು ‘ಮನೆ ಪೇಂಟ್ ಮಾಡಿಸ್ತಿದ್ದೀರಾ?’ ಅಂತ ಕೇಳಿದ್ದೆ, ಕೋತಿ.

ಜಾಗದ್ದೂ ಹಾಗೇ. ಡ್ಯಾಡಿ ನಮ್ಮ ಸೌತ್ ಬಿ ಚರ್ಚಿನ ಹಾಲ್ ಕೊಡಿಸುತ್ತೇನೆ, ಫ್ಯಾನ್ ಇದೆ, ಮೈಕ್ ಇದೆ ಅಂದರು. ಮೇಡಂ ಅದನ್ನು ಅಲ್ಲಿಗೆ ತಿಳಿಸಿದರು. ಆಂಟಿ ಡಾಟ್ ಬೇಡ ಅಂದರಂತೆ, ಗಂಟೆ ಹೊಡೆಯುವ ಜಾಗ ತನಗಾಗಲ್ಲ ಅಂತ. ಅವರಿಗೆ ಕಾಲಿಗೆ ಮಣ್ಣು ತಾಗುವ ಜಾಗ ಬೇಕು. ಮಮ್ಮಿಗೆ ಒಲೆ ಇರುವ ಜಾಗ ಬೇಕು. ಕೊನೆಗೆ ಎಲ್ಲಿ ಸೇರಿದೆವು ಹೇಳು? ಲಾಂಗಾಟಾ ರಸ್ತೆಯ ಪಕ್ಕ ಗಿಡ ಮಾರುವ ಮಾಮಾ ಮುಥೋನಿಯ ನರ್ಸರಿಯ ಹಿಂದೆ! (ಇಲ್ಲಿ ‘ಮಾಮಾ’ ಅಂದರೆ ಅಮ್ಮ.) ತಗಡಿನ ಚಪ್ಪರ, ಸುತ್ತ ಸಸಿಗಳ ಕಪ್ಪು ಚೀಲಗಳು, ಮೂಲೆಯಲ್ಲಿ ಇದ್ದಿಲಿನ ಒಲೆ, ಇಲ್ಲಿ ಜಿಕೊ ಅನ್ನುತ್ತಾರಲ್ಲ ಅದು. ತಲೆಯ ಮೇಲೆ ವಿಲ್ಸನ್‌ನಿಂದ ಏಳುವ ಚಿಕ್ಕ ವಿಮಾನಗಳು. ಭಾವ ರಿಪೇರಿ ಮಾಡಿದ್ದೂ ಅವುಗಳಲ್ಲಿ ಇದ್ದಿರಬಹುದು.

ಶನಿವಾರ ಬೆಳಿಗ್ಗೆ ನಾನು ಮೇಡಂನ ಅಸಿಸ್ಟೆಂಟ್ ಥರ ಹೊಸ ಫೈಲು, ಎರಡು ಬಣ್ಣದ ಪೆನ್ನು ಹಿಡಿದು ನಿಂತಿದ್ದೆ. ಎಂ.ಎಸ್.ಡಬ್ಲ್ಯು. ಇಂಟರ್‌ವ್ಯೂನಲ್ಲಿ ಹೇಳಿಕೊಳ್ಳಬಹುದು ಅಂತ ಆಸೆ ಬೇರೆ. ರೊಯ್ಸ್ಟನ್ ಅಣ್ಣ, ‘ನೋಡಿ, ನಿಮ್ಮ ಬೆಂಗಳೂರು ಮೇಡಂನ ಪಿ.ಎ.’ ಅಂತ ಕಿಚಾಯಿಸಿದ. ತುಮಕೂರು ಅಂತ ತಿದ್ದಿದೆ. ‘ಎರಡೂ ಒಂದೇ ಬಸ್ಸು’ ಅಂದ.

ಮಾರ್ಲೀನ್ ಜೊತೆ ಮತ್ತೆ ಆಸ್ಟ್ರೇಲಿಯಾದಿಂದ ಬಂದಿದ್ದ ಆಂಟಿ ಡಾಟ್ ಮೊದಲು ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ನಿಂತರು. ತಮ್ಮ ಹೆಸರು ಹೇಳುವ ಮೊದಲು ತಮ್ಮ ನದಿಯ ಹೆಸರು ಹೇಳಿದರು. ಆಮೇಲೆ ಇದು ಯಾರ ನೆಲ ಅಂತ ಮಾಮಾ ಮುಥೋನಿಯನ್ನು ಕೇಳಿ, ಅವಳ ಹಿರಿಯರಿಗೆ ಥ್ಯಾಂಕ್ಸ್ ಹೇಳಿದರು. ಮಾಮಾ ಮುಥೋನಿ ತಬ್ಬಿಬ್ಬಾಗಿ ಇಬ್ಬರು ಅಜ್ಜಿಯರ ಕೈಯನ್ನೂ ಹಿಡಿದು ‘ಪೋಲೆ ಸಾನಾ’, ಬಹಳ ನೊಂದಿದ್ದೀರಿ, ಅಂದಳು. ಮಮ್ಮಿ ರೋಸರಿ ಹಿಡಿದು ಒಂದು ಪ್ರಾರ್ಥನೆ ಹೇಳಿದಳು. ಎರಡಕ್ಕೂ ಮೇಡಂ ಜಾಗ ಬಿಟ್ಟಿದ್ದರು. ನಂತರ ಮಕ್ಕಳ ಇಲಾಖೆಯ ಆಫೀಸರ್, ಮಗು ಸುರಕ್ಷಿತವಾಗಿರಬೇಕು, ಸ್ಕೂಲು ತಪ್ಪಬಾರದು, ಎರಡೂ ಕಡೆಯವರು ಅವಳಿಗೆ ಸಿಗಬೇಕು, ಇದರೊಳಗೆ ನೀವು ಏನು ಒಪ್ಪಿದರೂ ನಾವು ಕೋರ್ಟಿನ ಮುಂದೆ ಇಡುತ್ತೇವೆ ಅಂತ ಹೇಳಿದರು.

ಅಷ್ಟಾದ ಮೇಲೆ ಮೇಡಂ, ಮಾರ್ಲೀನ್, ಆಫೀಸರ್ ಮೂವರೂ ಎದ್ದು ಹೊರಟೇಬಿಟ್ಟರು! ಈಗಿನದು ಕುಟುಂಬದ ಸಮಯವಂತೆ. ಕರೆಯುವ ತನಕ ಬರುವುದಿಲ್ಲ, ದೂರ ರಸ್ತೆಬದಿ ಕೂರುತ್ತಾರೆ. ‘ಮೀಟಿಂಗ್ ಮಾಡಿಸೋಕೆ ಬಂದವರು ಮೀಟಿಂಗ್ ಬಿಟ್ಟು ಹೋದ್ರಲ್ಲಪ್ಪ!’ ಅಂದ ಅಣ್ಣ. ನಾನೂ ಫೈಲು ಎತ್ತಿಕೊಂಡು ಅವರ ಹಿಂದೆ ಹೊರಟೆ. ಮೇಡಂ ತಿರುಗಿ ನಿಂತರು. ‘ಎಲ್ಲಿಗೆ ಪ್ರೀಮಾ?’ ಅಂದರು. ನಿಮ್ಮ ಜೊತೆ ಅಂದೆ. ಫೈಲನ್ನು ನನ್ನ ಕೈಯಿಂದ ಮೆಲ್ಲಗೆ ತಗೊಂಡರು. ‘ನೀನು ನನ್ನ ಕಡೆಯವಳಲ್ಲಮ್ಮ. ಎಲ್ಸಿ ಕಡೆಯವಳು. ನಿನ್ನ ಜಾಗ ಒಳಗೆ.’

ಬರಿಗೈಯಲ್ಲಿ ವಾಪಸ್ ಬಂದು ಕೂತೆ. ಎಷ್ಟು ಭಯವಾಯಿತು ಗೊತ್ತಾ? ಕೈಯಲ್ಲಿ ಪೆನ್ನಿದ್ದಷ್ಟು ಹೊತ್ತು ಅದೆಲ್ಲ ಬೇರೆಯವರ ಮನೆಯ ವಿಷಯ ಅನಿಸಿತ್ತು.

ನಮಗೆ ಸುಮ್ಮನಿರೋಕೆ ಬರುವುದಿಲ್ಲವಲ್ಲ, ಡ್ಯಾಡಿ ಶುರು ಮಾಡಿದರು. ಒಳ್ಳೆ ಸ್ಕೂಲು, ಡಾಕ್ಟರು, ಸೌತ್ ಸಿ ಮನೆಯ ಕಾಂಪೌಂಡು, ಎಲ್ಲ. ಆಂಟಿ ಡಾಟ್ ತಲೆಯಾಡಿಸುತ್ತಾ ಕೇಳಿದರು. ಅಣ್ಣ ಲಾಯರ್ ಹೇಳಿಕೊಟ್ಟದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಅದಕ್ಕೂ ತಲೆಯಾಡಿಸಿದರು. ಜಗಳಕ್ಕೆ ಅಂತ ತೊಡೆ ತಟ್ಟಿ ನಿಂತವನಿಗೆ ಎದುರಾಳಿಯೇ ಸಿಗದೆ ಪಾಪ, ಸುಮ್ಮನೆ ಕೂತು ಸಾನ್ನಾಂ ತಿನ್ನೋಕೆ ಶುರು ಮಾಡಿದ. ನೀನು ‘ಇಡ್ಲಿಯ ಅಕ್ಕ’ ಅಂತ ಹೆಸರಿಟ್ಟಿದ್ದೆಯಲ್ಲ, ಅದೇ ಸಾನ್ನಾಂ. ಮಮ್ಮಿ ಆಂಟಿ ಡಾಟ್‌ಗೂ ಬಡಿಸಿದಳು. ಅವರು ತಿಂದು ಮುಗಿಸಿ, ಬೆರಳು ಒರೆಸಿಕೊಂಡು, ಆಮೇಲೆ ಮಾತಾಡಿದರು.

ತನಗೆ ನಾಲ್ಕು ವರ್ಷ ಇದ್ದಾಗ ಸರ್ಕಾರದ ಕಾರು ಬಂತಂತೆ. ಅಮ್ಮ ಬಟ್ಟೆ ಒಗೆಯೋಕೆ ನದಿಗೆ ಹೋಗಿದ್ದಳಂತೆ. ಕಾರಿನಲ್ಲಿದ್ದ ಹೆಂಗಸು ಕೈಗೆ ಒಂದು ಹಳದಿ ಪೆಪ್ಪರಮೆಂಟು ಕೊಟ್ಟು ಹತ್ತಿಸಿಕೊಂಡಳು. ಗಂಟೆ ಹೊಡೆಯುವ ಒಂದು ದೊಡ್ಡ ಮನೆಗೆ ಒಯ್ದು ಬೇರೆ ಹೆಸರಿಟ್ಟರು. ಅಲ್ಲಿ ಅವರಂಥ ಮಕ್ಕಳು ತುಂಬ ಇದ್ದರಂತೆ. ಬಿಳಿಯರ ಹಾಗೆ ಬೆಳೆಸುತ್ತೇವೆ, ಅದೇ ಒಳ್ಳೆಯದು ಅಂತ ಕಾಗದದಲ್ಲಿ ಬರೆದಿತ್ತು. ಮತ್ತೆ ಅಮ್ಮನನ್ನು ನೋಡಿದಾಗ ತನಗೇ ಒಂದು ಮಗು ಹುಟ್ಟಿತ್ತು. ‘ನನ್ನನ್ನ ಒಯ್ದವರೂ ಒಳ್ಳೆ ಸ್ಕೂಲಿನ ಬಗ್ಗೆಯೇ ಹೇಳಿದ್ದರು ಹರ್ಬರ್ಟ್’ ಅಂತ ಡ್ಯಾಡಿಗೆ ಅಂದರು. ಕೋಪದಿಂದಲ್ಲ. ಡ್ಯಾಡಿ ಕನ್ನಡಕ ತೆಗೆದರು.

‘ನಾನು ಅವಳನ್ನ ಕರೆದುಕೊಂಡು ಹೋಗೋಕೆ ಅಂತಲೇ ಬಂದೆ’ ಅಂದರು ಆಂಟಿ ಡಾಟ್, ಮಮ್ಮಿಯ ಕಡೆ ತಿರುಗಿ. ‘ಬೆಳಿಗ್ಗೆ ನಾನು ಇಲ್ಲಿಗೆ ಬಂದಾಗ ಇವಳು ನಿಮ್ಮ ಮಡಿಲಲ್ಲಿ ಕೂತು ಜಡೆ ಹಾಕಿಸಿಕೊಳ್ತಿದ್ದಳು. ಆ ಮಡಿಲಿಂದ ಎತ್ತಿಕೊಂಡು ಹೋದರೆ ನಾನೇ ಆ ಕಾರು.’

ಮೈತ್ರಿ, ಗೆದ್ದೆವು ಅಂತ ನಾವು ಕುಣಿಯಬೇಕಿತ್ತು ಅಲ್ವಾ? ಆಗ ನಮ್ಮ ಮಮ್ಮಿ, ಒಂದು ವರ್ಷ ಆ ಜಡೆಯನ್ನೇ ಹಿಡಿದು ಬದುಕಿದವಳು, ಗಾಬರಿಗೆ ಇಂಗ್ಲಿಷ್ ಮರೆತು ಕೊಂಕಣಿಯಲ್ಲೇ ಹೇಳಿದಳು: ‘ಹಾಗಾದ್ರೆ ನಿಮ್ಮ ನದಿ ಅವಳಿಗೆ ಯಾರು ತೋರಿಸೋದು?’ ನಾನು ಇಂಗ್ಲಿಷಿಗೆ ತಿರುಗಿಸಿದೆ.

ಅದೇ ಹೊತ್ತಿಗೆ ಫೋನ್ ಬಂತು. ಆಂಟಿ ಡಾಟ್ ಮನೆಯವರೆಲ್ಲ ಅಲ್ಲಿ ಜಗಲಿಯ ಮೇಲೆ ಸೇರಿದ್ದರು. ಅಲ್ಲಿ ಆಗ ಸಂಜೆ. ಸ್ಪೀಕರ್ ಹಾಕಿದೆವು. ಒಬ್ಬರ ಮೇಲೊಬ್ಬರು ಹಲೋ ಅನ್ನುತ್ತಿದ್ದಾರೆ, ಹಿಂದೆ ಒಂದು ನಾಯಿ ಒಂದೇ ಸಮನೆ ಬೊಗಳುತ್ತಿದೆ. ಸಸಿ ಚೀಲಗಳಿಗೆ ನೀರು ಹಾಕುತ್ತಿದ್ದ ಎಲ್ಸಿ ಕ್ಯಾನು ಬಿಟ್ಟು ಓಡಿಬಂದಳು. ಅಪ್ಪ ಅಮ್ಮ ಹೋದ ಮೇಲೆ ಹೊಸಬರ ಹತ್ತಿರ ಒಂದು ಮಾತೂ ಆಡದ ಹುಡುಗಿ, ಫೋನಿಗೆ ಬಾಯಿ ಅಂಟಿಸಿ, ‘ನಿಮ್ಮ ನಾಯಿ ಹೆಸರೇನು?’ ಅಂದಳು. ಅಲ್ಲಿಂದ ಹತ್ತು ದನಿ ಒಟ್ಟಿಗೆ: ಸಾರ್ಜೆಂಟ್! ಅದು ಅವಳ ಪಪ್ಪನ ನಾಯಿಯ ಮರಿಯ ಮರಿಯಂತೆ. ‘ನಾನು ಬರೋವರೆಗೂ ಸಾಯಬೇಡ ಅಂತ ಹೇಳಿ ಅದಕ್ಕೆ’ ಅಂದಳು ಎಲ್ಸಿ.

ಆಗ ಮಾತಾಡಿದ್ದು ಯಾರು ಹೇಳು? ರೊಯ್ಸ್ಟನ್ ಅಣ್ಣ! ಬಾಯಲ್ಲಿ ಇನ್ನೂ ಸಾನ್ನಾಂ ಇತ್ತು. ‘ಇಷ್ಟು ತಿಂಗಳಿಂದ ಎಲ್ಸಿ ಯಾರ ಜೊತೆ ಹೋಗಬೇಕು ಅಂತಲೇ ಹೊಡೆದಾಡಿದ್ವಿ. ಎಲ್ಸಿ ಜೊತೆ ಯಾರು ಹೋಗ್ತಾರೆ ಅಂತ ಯಾಕೆ ಕೇಳಬಾರದು?’ ಅಂದ. ಲಾಯರಿಗೆ ಸುರಿದ ದುಡ್ಡಿಗೆಲ್ಲ ಈ ಒಂದು ಪ್ರಶ್ನೆ ಹೊಳೆಯಲಿಲ್ಲ ನೋಡು. ಆಂಟಿ ಡಾಟ್ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು, ಪ್ರೀತಿಯಿಂದ.

ಆಮೇಲಿನದೆಲ್ಲ ಸರಸರ ನಡೆಯಿತು. ಡಿಸೆಂಬರ್ ತನಕ ಎಲ್ಸಿ ಇಲ್ಲೇ ಸ್ಕೂಲು ಮುಗಿಸುತ್ತಾಳೆ. ಭಾನುವಾರ ಆ ಜಗಲಿಯಿಂದ ಫೋನು. ಜನವರಿಯಲ್ಲಿ ಅವಳು ಅವಳ ಪಪ್ಪನ ಊರಿಗೆ, ಒಂದು ವರ್ಷಕ್ಕೆ, ನಮ್ಮ ಕಡೆಯ ಒಬ್ಬರ ಜೊತೆ. ವರ್ಷ ಕಳೆದ ಮೇಲೆ ಎಲ್ಲರೂ ಮತ್ತೆ ಕೂರುವುದು. ಆಗ ಎಲ್ಸಿಯ ಮಾತನ್ನೂ ಕೇಳುವುದು. ಮೇಡಂನ ಕರೆದು ಹೇಳಿದಾಗ ಅವರು ನಮ್ಮ ಮಾತನ್ನು ನಮ್ಮ ಮಾತಿನಲ್ಲೇ ಬರೆದುಕೊಂಡರು, ನಾಯಿ ಸಮೇತ. ಆಫೀಸರ್ ‘ಸಾರ್ಜೆಂಟ್ ಯಾರು, ಪೊಲೀಸಾ?’ ಅಂತ ಕೇಳಿದರು.

ಮೇಡಂ ಏನೂ ಮಾಡಲಿಲ್ಲ ಅಂತ ಅಣ್ಣ ಇನ್ನೂ ಹೇಳುತ್ತಾನೆ. ಎರಡು ತಿಂಗಳು ಎಲ್ಲರಿಗೂ ಕೂರುವ ಜಾಗ ಹುಡುಕಿ, ಕೂರಿಸಿ, ತಾನು ಎದ್ದು ಹೋಗುವುದು. ಅದನ್ನು ನಾನು ಯಾವತ್ತಾದರೂ ಕಲಿಯುತ್ತೇನಾ ಮೈತ್ರಿ?

ನಿನ್ನೆ ಸಂಜೆ ಆಂಟಿ ಡಾಟ್ ನಮ್ಮ ಮನೆಗೆ ಬಂದರು. ಡ್ಯಾಡಿ ಪಟ ಇಳಿಸಲು ಸ್ಟೂಲು ತಂದಿದ್ದರು. ಮಮ್ಮಿ ತಡೆದಳು. ಅಕ್ಕನ ಮದುವೆಯ ಕೆಂಪು ಸೀರೆ, ನಮ್ಮ ಸಾದೊ, ಪೆಟ್ಟಿಗೆಯಿಂದ ತೆಗೆದು ಪಟದ ಅರ್ಧಕ್ಕೆ ಇಳಿಬಿಟ್ಟಳು. ಅಕ್ಕನ ಮುಖ ಹಾಗೇ ನಗುತ್ತಿತ್ತು, ಪಕ್ಕದಲ್ಲಿ ಅವಳದೇ ಸೀರೆಯ ಮರೆಯಲ್ಲಿ ಭಾವ. ಆಂಟಿ ಡಾಟ್ ಹೊಸಿಲಲ್ಲಿ ನಿಂತು ನೋಡಿದರು, ಒಳಗೆ ಬಂದು ಸೋಫಾದಲ್ಲಿ ಕೂತರು. ತೇರ್ಸ್ ಶುರುವಾಯಿತು. ಅಕ್ಕನ ಹೆಸರು ಬಂತು. ಭಾವನ ಹೆಸರು ಬರುವ ಜಾಗದಲ್ಲಿ ಮಮ್ಮಿ ನಿಂತಳು. ಒಂದು ಉಸಿರು. ಎಲ್ಲರೂ ಆ ಉಸಿರಿನಲ್ಲಿ ನಿಂತೆವು. ಆಮೇಲೆ ಮುಂದಿನ ಮಣಿ.

ಈಗ ಎಲ್ಸಿ ಪಕ್ಕದಲ್ಲೇ ನಿದ್ದೆಹೋಗಿದ್ದಾಳೆ, ಒಂದು ಜಡೆ ಬಿಚ್ಚಿದೆ, ಒಂದು ಇದೆ. ನಿನ್ನ ಅಮ್ಮನಿಗೆ ನಮಸ್ಕಾರ ಹೇಳು. ಕೊನೆವರೆಗೂ ಬಾಯಿ ಹಾಕದೆ ಓದಿದ್ದಕ್ಕೆ ನಿನಗೆ ಒಂದು ಗಟ್ಟಿ ಅಪ್ಪುಗೆ, ಸ್ಮೈಲಿಯದಲ್ಲ, ನಿಜವಾದದ್ದು.

ಯಾವತ್ತಿಗೂ ನಿನ್ನ
ಪ್ರೀಮಾ

ಮರೆತಿಲ್ಲ, ಇಷ್ಟು ಹೊತ್ತು ಬರೆಯೋಕೆ ಧೈರ್ಯ ಬರಲಿಲ್ಲ ಅಷ್ಟೇ: ಅಣ್ಣ ಆ ಪ್ರಶ್ನೆ ಕೇಳಿದಾಗ ಯಾರೂ ನನ್ನ ಕಡೆ ನೋಡಲಿಲ್ಲ. ನನಗೆ ಮೈಸೂರಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಆಂಟಿ ಡಾಟ್ ಮಾತ್ರ, ನೀನು ಮಗುವಿಗೆ ಏನಾಗಬೇಕು ಅಂತ ಕೇಳಿದರು. ಅವಳ ಅಮ್ಮನ ತಂಗಿ ಅಂದೆ. ‘ನಮ್ಮಲ್ಲಿ ಅದಕ್ಕೆ ಅಮ್ಮ ಅಂತಲೇ ಅನ್ನೋದು’ ಅಂದರು. ನಮ್ಮಲ್ಲೂ ಚಿಕ್ಕಮ್ಮ ಅನ್ನುತ್ತೇವಲ್ಲ ಮೈತ್ರಿ, ಇಷ್ಟು ವರ್ಷ ಬರೀ ಬಾಯಲ್ಲಿ ಅಂದಿದ್ದೆ. ಕೈ ಎತ್ತಿದೆ. ಕಿಟಕಿ ಪಕ್ಕದ ಮಂಚದಲ್ಲಿ ಇನ್ನು ನೀನೇ ಮಲಗು.